ಮನೆಗೆ ಹಾಟ್ ಟಬ್ ತರುವ ಮುಂಚೆ ಏನೇನು ನೋಡಬೇಕು? ಇಟ್ಟುಕೊಂಡವರು ದಯವಿಟ್ಟು ಹೇಳಿ

ತಾರಸಿ_ಕನಸು

ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿಗೆ ಐದು ವರ್ಷದಿಂದ ಸೊಂಟನೋವು. ಬಿಸಿನೀರಲ್ಲಿ ಕೂತು ಎದ್ದ ಮೇಲೆ ಒಂದೆರಡು ಗಂಟೆ ಆರಾಮಾಗಿರುತ್ತಾಳೆ. ಹೋದ ತಿಂಗಳು ಪ್ರವಾಸಕ್ಕೆ ಹೋದಾಗ ಹಾಟ್ ಟಬ್‌ನಲ್ಲಿ ಕೂತಿದ್ದಳು. ಆ ರಾತ್ರಿ ಒಂದು ಸಲವೂ ಎಚ್ಚರ ಆಗದೆ ಮಲಗಿದ್ದನ್ನು ನೋಡಿ, ಮನೆಗೇ ಒಂದು ತರೋಣ ಅನ್ನಿಸಿತು. ತಾರಸಿಯಲ್ಲಿ ಜಾಗ ಇದೆ. 2 ಮೀಟರ್ ಉದ್ದ, 2 ಮೀಟರ್ ಅಗಲದ, ಐದು ಜನ ಕೂರುವ ಒಂದು ಮಾಡೆಲ್ ನೋಡಿದ್ದೇನೆ. 1300 ಲೀಟರ್ ನೀರು ಹಿಡಿಯುತ್ತದಂತೆ. ಅಂಗಡಿಯವರು ನೀರು ರಭಸವಾಗಿ ಚಿಮ್ಮಿಸುವ ಜೆಟ್ ಎಷ್ಟು, ಲೈಟ್ ಎಷ್ಟು ಬಣ್ಣ ಅಂತ ಹೇಳಿದರು. ಬೇರೆ ಏನು ಕೇಳಬೇಕು ಅಂತಲೇ ನನಗೆ ಗೊತ್ತಾಗುತ್ತಿಲ್ಲ. ಜಕೂಝಿ ಅಂದರೂ ಹಾಟ್ ಟಬ್ ಅಂದರೂ ಒಂದೇನಾ?

ಬೆಚ್ಚನೆ_ಸಂಜೆ

ನಮ್ಮ ಮನೆಯಲ್ಲಿ ಎಂಟು ವರ್ಷದಿಂದ ಇದೆ. ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಯಾಕಂದ್ರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಜಕೂಝಿ ಅನ್ನೋದು ಒಂದು ಕಂಪನಿಯ ಹೆಸರು. ಇಟಲಿಯಿಂದ ಅಮೆರಿಕಕ್ಕೆ ಹೋದ ಅಣ್ಣತಮ್ಮಂದಿರದ್ದು. ಅವರು ಪಂಪ್ ಮಾಡುತ್ತಿದ್ದರು. ಆ ಮನೆಯ ಒಬ್ಬ ಹುಡುಗನಿಗೆ ಸಂಧಿವಾತ ಇತ್ತು. ಅವನಿಗೋಸ್ಕರ ಮಾಮೂಲಿ ಸ್ನಾನದ ತೊಟ್ಟಿಯೊಳಗೆ ಇಡುವಂಥ ಒಂದು ಪಂಪ್ ಮಾಡಿದರು. 1956ರಲ್ಲಿ ಅದು ಮಾರಾಟಕ್ಕೆ ಬಂತು. ಜೆಟ್ ಸೇರಿಸಿಯೇ ಕಟ್ಟಿದ ತೊಟ್ಟಿ ಬಂದದ್ದು 1968ರಲ್ಲಿ. ಅಂದರೆ ನಿಮ್ಮ ಮನೆಯ ಕಾರಣ ಏನಿದೆಯೋ, ಈ ವಸ್ತು ಹುಟ್ಟಿದ್ದೇ ಅಂಥ ಕಾರಣಕ್ಕೆ.

ಈಗ ವ್ಯತ್ಯಾಸ. ಬಚ್ಚಲಲ್ಲಿ ಕೂರಿಸುವ ಜೆಟ್ ತೊಟ್ಟಿಗೆ ಪ್ರತಿ ಸಲ ನೀರು ತುಂಬಿಸುತ್ತೀರಿ, ಸ್ನಾನ ಆದಮೇಲೆ ಬಿಡುತ್ತೀರಿ. ಹಾಟ್ ಟಬ್ ಹಾಗಲ್ಲ. ಅದೇ ನೀರು ವಾರಗಟ್ಟಲೆ ಬಿಸಿಯಾಗಿ ಅಲ್ಲೇ ಇರುತ್ತದೆ. ಆ ನೀರನ್ನು ನೀವು ಸಾಕಬೇಕು. ಮನೆಯಲ್ಲಿ ಯಾರು ಸಾಕುತ್ತಾರೆ ಅನ್ನೋದು ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಸಿಗದೆ ಅಂಗಡಿಗೆ ಹೋಗಬೇಡಿ.

ಕಟ್ಟಡ_ಕೆಲಸ

ತಾರಸಿ ಅಂದ್ರಿ ನೋಡಿ, ಅಲ್ಲಿಗೆ ನನ್ನ ಎದೆ ಧಸಕ್ ಅಂತು. ದಯವಿಟ್ಟು ಮುಂಗಡ ಕೊಡುವ ಮುಂಚೆ ಈ ಲೆಕ್ಕ ನೋಡಿ.

ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. 1300 ಲೀಟರ್ ಅಂದರೆ 1300 ಕೆಜಿ. ಆ ಅಳತೆಯ ಖಾಲಿ ಟಬ್ ಸುಮಾರು 300 ಕೆಜಿ ಇರುತ್ತದೆ. ಐದು ಜನ ಕೂತರೆ 350 ಕೆಜಿ. ಒಟ್ಟು 1950 ಕೆಜಿ, ಹೆಚ್ಚುಕಡಿಮೆ ಎರಡು ಟನ್. ಅದು ಕೂರುವುದು 4 ಚದರ ಮೀಟರ್ ಮೇಲೆ. ಒಂದು ಚದರ ಮೀಟರ್‌ಗೆ 490 ಕೆಜಿ ಹತ್ತಿರ ಬಂತು. ವಾಸದ ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರ್‌ಗೆ 200 ಕೆಜಿ ಆಸುಪಾಸಿನ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ತಾರಸಿಗೆ ಅದಕ್ಕಿಂತಲೂ ಕಡಿಮೆ ಇಟ್ಟಿರಬಹುದು. ಎರಡು ಪಟ್ಟಿಗಿಂತ ಜಾಸ್ತಿ ಆಯಿತಲ್ಲ!

ಜನ ಏನು ಹೇಳುತ್ತಾರೆ ಗೊತ್ತಾ? "ಮೊನ್ನೆ ತಾರಸಿಯಲ್ಲಿ ಐವತ್ತು ಜನ ಸೇರಿದ್ದೆವು, ಏನೂ ಆಗಲಿಲ್ಲ" ಅಂತ. ಜನ ಬರುತ್ತಾರೆ, ಹರಡಿಕೊಂಡು ನಿಲ್ಲುತ್ತಾರೆ, ಹೋಗುತ್ತಾರೆ. ಟಬ್ ಹಗಲು ರಾತ್ರಿ ಒಂದೇ ಜಾಗದಲ್ಲಿ ಕೂತಿರುತ್ತದೆ. ಸ್ಲ್ಯಾಬ್ ನಿಧಾನಕ್ಕೆ ಜಗ್ಗುತ್ತದೆ. ಕೆಳಗಿನ ಕೋಣೆಯ ಚಾವಣಿಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಂಡಾಗಲೇ ನಿಮಗೆ ಗೊತ್ತಾಗುವುದು.

ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ತೊಲೆ, ಕಂಬ ಎಲ್ಲಿ ಹಾದುಹೋಗಿವೆ ನೋಡಿ, ಕೆಲವು ಮನೆಗಳಲ್ಲಿ ದಾರಿ ಮಾಡಬಹುದು. ಆದರೆ ಅದನ್ನು ಹೇಳಬೇಕಾದವರು ನಿಮ್ಮ ಮನೆಯ ನಕ್ಷೆ ನೋಡಿದ ಸ್ಟ್ರಕ್ಚರಲ್ ಎಂಜಿನಿಯರ್. ಟಬ್ ಮಾರುವವರಲ್ಲ, ನಾನೂ ಅಲ್ಲ.

ನೆಲದ ಮೇಲೆ ಜಾಗ ಇದ್ದರೆ ಅದೇ ಒಳ್ಳೆಯದು. ಗಟ್ಟಿ ಮಣ್ಣಿನ ಮೇಲೆ 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಹಾಸು, ಮಟ್ಟ ಸರಿಯಾಗಿ. ಬರೀ ಮರಳಿನ ಮೇಲೆ, ಹುಲ್ಲಿನ ಮೇಲೆ ಇಟ್ಟರೆ ಒಂದು ಮೂಲೆ ಕುಸಿಯುತ್ತದೆ. ಆಗ ಟಬ್ಬಿನ ಚಿಪ್ಪು ತಿರುಚಿಕೊಳ್ಳುತ್ತದೆ. ಹಾಗಾದರೆ ವಾರಂಟಿಯೂ ಸಿಗುವುದಿಲ್ಲ ಅಂತ ಎಷ್ಟೋ ಕಂಪನಿಗಳ ಕಾಗದದಲ್ಲೇ ಬರೆದಿರುತ್ತದೆ.

ತಾರಸಿ_ಕನಸು

ಸರ್, ಇದನ್ನು ಅಂಗಡಿಯಲ್ಲಿ ಯಾರೂ ಒಂದು ಮಾತೂ ಹೇಳಲಿಲ್ಲ. ನಾಳೆಯೇ ಎಂಜಿನಿಯರ್ ಹತ್ತಿರ ಮಾತಾಡುತ್ತೇನೆ. ಮನೆ ಹಿಂದೆ ಸ್ವಲ್ಪ ಖಾಲಿ ಜಾಗವೂ ಇದೆ. ಆದರೆ ಅಲ್ಲಿಗೆ ಹೋಗಲು ಪಕ್ಕದ ಓಣಿ ಒಂದೇ ದಾರಿ.

ಬೆಚ್ಚನೆ_ಸಂಜೆ

ಹಾಗಾದರೆ ಟೇಪ್ ಹಿಡಿದು ಓಣಿ ಅಳೆಯಿರಿ. ಟಬ್ಬನ್ನು ಪಕ್ಕಕ್ಕೆ ಮಗುಚಿ, ನಿಲ್ಲಿಸಿಕೊಂಡು ತರುತ್ತಾರೆ. ಆದ್ದರಿಂದ ಟಬ್ಬಿನ ಎತ್ತರ ಎಷ್ಟೋ ಅಷ್ಟು ಅಗಲದ ದಾರಿ ಬೇಕು, ಮೇಲೆ ಕೈಯಾಡಲು ಒಂದು ಗೇಣು ಜಾಸ್ತಿ. ಎತ್ತರ ಮಾಮೂಲಾಗಿ 90 ಸೆಂಟಿಮೀಟರ್ ಆಸುಪಾಸು ಇರುತ್ತದೆ. ಗೇಟು, ಮೀಟರ್ ಪೆಟ್ಟಿಗೆ, ಕೆಳಗೆ ಇಳಿದುಬಂದ ಸಜ್ಜಾ, ಓಣಿಯ ತಿರುವು, ಎಲ್ಲಾ ನೋಡಿ. ಹೋಗದಿದ್ದರೆ ಕ್ರೇನ್ ತರಿಸಬೇಕು, ಅದರ ಖರ್ಚು ಬೇರೆ.

ಇನ್ನೊಂದು ವಿಷಯ. ಇದನ್ನು ನಾನು ಅನುಭವಿಸಿದ್ದೇನೆ. ಟಬ್ ಕೂರಿಸಿದವರು ಚೆಂದ ಕಾಣಲಿ ಅಂತ ನಾಲ್ಕೂ ಕಡೆ ಮರದ ಹಲಗೆ ಹೊಡೆದು ಕೊಟ್ಟರು. ನಿಜವಾಗಿಯೂ ಚೆಂದ ಕಾಣುತ್ತಿತ್ತು. ಮೂರನೇ ವರ್ಷ ದಿನಕ್ಕೆ ಎರಡು ಬೆರಳು ನೀರು ಇಳಿಯೋಕೆ ಶುರುವಾಯಿತು. ರಿಪೇರಿಯವನು ಬಂದು ನೋಡಿದರೆ ಪಂಪ್ ಇರುವ ಕಡೆಗೆ ಕೈ ತೂರಲೂ ಜಾಗ ಇಲ್ಲ. ಹಲಗೆ ಗರಗಸದಲ್ಲಿ ಕೊಯ್ದೆವು. ಒಳಗೆ ಫೋಮ್ ತುಂಬಿದ್ದರಿಂದ ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಅದನ್ನೂ ಚೂರುಚೂರು ಕಿತ್ತು ತೆಗೆದರು. ಸಿಕ್ಕಿದ್ದು ಏನು? ಪಂಪಿನ ಜೋಡಣೆಯಲ್ಲಿ ಸವೆದ ಒಂದು ರಬ್ಬರ್ ಉಂಗುರ, ಬಳೆಯಷ್ಟು ದೊಡ್ಡದು. ಅದನ್ನು ಬದಲಿಸೋಕೆ ಹತ್ತು ನಿಮಿಷ. ಅಲ್ಲಿಗೆ ತಲುಪೋಕೆ ಎರಡು ದಿನ.

ನಾಲ್ಕೂ ಕಡೆ ಒಬ್ಬ ಮನುಷ್ಯ ಮಂಡಿಯೂರಿ ಕೂತು ಕೆಲಸ ಮಾಡುವಷ್ಟು ಜಾಗ ಬಿಡಿ, 60 ಸೆಂಟಿಮೀಟರ್ ಆದರೂ. ನೆಲದೊಳಗೆ ಹೂತು ಕೂರಿಸುವ ಆಸೆ ಇದ್ದರೆ ಸುತ್ತಲೂ ಇಳಿಯುವ ಜಾಗ, ಅಲ್ಲಿ ನಿಂತ ನೀರು ಹೋಗಲು ದಾರಿ, ಎರಡೂ ಇರಲೇಬೇಕು.

ವೈರ್‌ಮನ್_ಅಣ್ಣ

ಕರೆಂಟ್ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ಇದರಲ್ಲಿ ರಾಜಿ ಬೇಡ.

ಟಬ್ಬಿಗೆ ಬೋರ್ಡಿನಿಂದಲೇ ಪ್ರತ್ಯೇಕ ಲೈನ್ ಬೇಕು. ಸಣ್ಣ ಟಬ್ 16 ಆಂಪಿಯರ್ ಪ್ಲಗ್‌ನಲ್ಲಿ ನಡೆಯಬಹುದು. ದೊಡ್ಡದಕ್ಕೆ 32 ಆಂಪಿಯರ್ ಕೇಳುತ್ತಾರೆ. ಮನೆಗೆ ಮಂಜೂರಾದ ಲೋಡ್ ಸಾಕಾ ಅಂತ ಮೊದಲೇ ನೋಡಿಸಿ. ಅರ್ಥಿಂಗ್ ಅಳತೆ ಮಾಡಿಸಿ. 30 ಮಿಲಿ ಆಂಪಿಯರ್‌ಗೆ ಟ್ರಿಪ್ ಆಗುವ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ, ಅಥವಾ ನಿಮ್ಮ ಕಡೆಯ ನಿಯಮ ಅದಕ್ಕಿಂತ ಬಿಗಿ ಇದ್ದರೆ ಅದು, ಕಡ್ಡಾಯ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಪೂರ್ತಿ ಆಫ್ ಮಾಡುವ ಸ್ವಿಚ್ ಟಬ್ಬಿನಿಂದ ಕಣ್ಣಿಗೆ ಕಾಣಬೇಕು. ಆದರೆ ಒಳಗೆ ಕೂತವರ ಕೈಗೆ ಸಿಗಬಾರದು.

ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದುಕೊಂಡು ಹೋಗಿ ಟಬ್ ಹಾಕಿದ್ದನ್ನು ನಾನೇ ನೋಡಿದ್ದೇನೆ. ಪ್ಲಗ್ಗಿನ ಪಿನ್ ಸುತ್ತ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ಹೀಟರ್ ಗಂಟೆಗಟ್ಟಲೆ ಓಡುತ್ತದೆ, ಕುಕ್ಕರ್ ಥರ ಐದು ನಿಮಿಷಕ್ಕೆ ನಿಲ್ಲುವುದಿಲ್ಲ. ಚಾರ್ಜಿಗೆ ಹಾಕಿದ ಫೋನ್ ಟಬ್ ಹತ್ತಿರ ಬೇಡವೇ ಬೇಡ.

ಸಣ್ಣ_ಅಂಗಳ

ಕರೆಂಟ್ ಬಿಲ್ ಎಷ್ಟು ಬರುತ್ತೆ ಯಾರಾದರೂ ಹೇಳ್ತೀರಾ? ನಮ್ಮದು ಗಾಳಿ ತುಂಬಿಸುವ ಟಬ್. ಚಳಿಯಲ್ಲಿ ಹೀಟರ್ ನಿಲ್ಲುವುದೇ ಇಲ್ಲ.

ನೀರಿನ_ಲೆಕ್ಕ

ನಾನು ಈಜುಕೊಳದ ನೀರಿನ ಕೆಲಸ ಮಾಡುವವನು. ಬಿಲ್ ನಿಮ್ಮ ದರದ ಮೇಲೆ ಹೋಗುತ್ತದೆ, ಯೂನಿಟ್ ಲೆಕ್ಕ ಕೊಡುತ್ತೇನೆ.

1300 ಲೀಟರ್ ನೀರನ್ನು 20 ಡಿಗ್ರಿಯಿಂದ 38ಕ್ಕೆ ಏರಿಸಲು ಸುಮಾರು 27 ಯೂನಿಟ್ ಬೇಕು. 3 ಕಿಲೋವ್ಯಾಟ್ ಹೀಟರ್ ಆದರೆ 9 ಗಂಟೆ. ಅದರರ್ಧದ ಹೀಟರ್ ಆದರೆ 18 ಗಂಟೆ, ಮಧ್ಯೆ ಆರುವುದು ಸೇರಿಸಿದರೆ ಇನ್ನೂ ಜಾಸ್ತಿ. ಆದರೆ ಇದು ಹೊಸ ನೀರು ತುಂಬಿಸಿದಾಗ ಮಾತ್ರದ ಖರ್ಚು. ದಿನಾ ಹೋಗುವುದು ಆವಿಯಲ್ಲಿ. ಒಂದು ಲೀಟರ್ ನೀರು ಆವಿಯಾಗಿ ಹೋದರೆ ಮುಕ್ಕಾಲು ಯೂನಿಟ್‌ಗೆ ಸ್ವಲ್ಪ ಕಡಿಮೆ ಶಾಖ ಹೊತ್ತುಕೊಂಡು ಹೋಗುತ್ತದೆ. ಅಷ್ಟು ಶಾಖದಲ್ಲಿ 30 ಲೀಟರ್ ತಣ್ಣೀರನ್ನು ಸ್ನಾನಕ್ಕೆ ಬಿಸಿ ಮಾಡಬಹುದಿತ್ತು! ಅದಕ್ಕೇ ಮುಚ್ಚಳ ಅಷ್ಟು ಮುಖ್ಯ.

ಅಂಗಡಿಗೆ ಹೋದಾಗ ಜೆಟ್ ಎಣಿಸುವ ಬದಲು ಮುಚ್ಚಳ ಎತ್ತಿ ನೋಡಿ. ದಪ್ಪ ಎಷ್ಟು? ಮಧ್ಯದಲ್ಲಿ ಮಡಚುವ ಕಡೆ ಒಳಗೆ ಸೀಲ್ ಇದೆಯಾ? ಸುತ್ತಲಿನ ಅಂಚು ಟಬ್ಬಿಗೆ ಅಂಟಿ ಕೂರುತ್ತದಾ? ಬಿಸಿ ಟಬ್ ಮೇಲೆ ಮುಚ್ಚಿಟ್ಟ ಮುಚ್ಚಳದ ಸುತ್ತ ಅಂಗೈ ಹಿಡಿದು ಒಂದು ಸುತ್ತು ಬನ್ನಿ. ಎಲ್ಲಿ ಬೆಚ್ಚಗಿನ ಗಾಳಿ ತಾಗುತ್ತದೋ ಅಲ್ಲಿ ನಿಮ್ಮ ದುಡ್ಡು ಹೋಗುತ್ತಿದೆ.

ಮುಚ್ಚಳದೊಳಗಿನ ಫೋಮ್ ವರ್ಷಗಳು ಕಳೆದ ಹಾಗೆ ನೀರು ಕುಡಿಯುತ್ತದೆ. ಒಬ್ಬರೇ ಎತ್ತುತ್ತಿದ್ದದ್ದು ಇಬ್ಬರಿಗೂ ಆಗದಷ್ಟು ಭಾರ ಆಯಿತು ಅಂದರೆ ಅದರ ಕಥೆ ಮುಗಿಯಿತು. ನೀರು ಕುಡಿದ ಫೋಮ್ ಶಾಖ ತಡೆಯುವುದಿಲ್ಲ. ಸೊಂಟನೋವಿರುವವರು ಅದನ್ನು ಎತ್ತಲೇಬಾರದು. ಎತ್ತುವ ತೋಳು ಸಿಗುತ್ತದೆ, ಟಬ್ ಜೊತೆಗೇ ಹಾಕಿಸಿ.

ಸಣ್ಣ_ಅಂಗಳ

ಓಹೋ, ನಮ್ಮ ಮುಚ್ಚಳ ಬರೀ ತೆಳು ಹಾಳೆ. ಈಗ ಅರ್ಥ ಆಯಿತು.

ಗಾಳಿ ಟಬ್ ನೋಡುತ್ತಿರುವವರಿಗೆ ಎರಡು ಮಾತು. ಗಂಟೆಗೆ ಒಂದೆರಡು ಡಿಗ್ರಿ ಮಾತ್ರ ಏರುತ್ತದೆ. ಸಂಜೆ ಕೂರಬೇಕು ಅಂದರೆ ಹಿಂದಿನ ರಾತ್ರಿಯೇ ಹಾಕಬೇಕು. ನಮ್ಮದರಲ್ಲಿ ಗುಳ್ಳೆ ಬಿಟ್ಟಾಗ ಹೀಟರ್ ತಾನಾಗಿ ನಿಲ್ಲುತ್ತದೆ, ಮೇಲಾಗಿ ತಣ್ಣನೆ ಗಾಳಿ ನೀರಿಗೆ ಊದುತ್ತದೆ. ಅರ್ಧ ಗಂಟೆಯಲ್ಲಿ ನೀರು ಆರಿದ್ದು ಮೈಗೆ ಗೊತ್ತಾಗುತ್ತದೆ. ಎಲ್ಲಾ ಮಾಡೆಲ್ ಹೀಗಲ್ಲ, ಕೊಳ್ಳುವಾಗ ಕೇಳಿ. ಆದರೂ ನನಗೆ ಇದರ ಮೇಲೆ ಪ್ರೀತಿ. ಬಳಸುತ್ತೇವೋ ಇಲ್ಲವೋ ಗೊತ್ತಿಲ್ಲದವರು ಇದರಿಂದ ಶುರು ಮಾಡಿದರೆ ತಪ್ಪೇನಿಲ್ಲ. ಒಂದು ವರ್ಷದಲ್ಲಿ ನಿಮ್ಮ ಮನೆಯವರಿಗೆ ಇದು ಒಗ್ಗುತ್ತದಾ ಅಂತ ಗೊತ್ತಾಗುತ್ತದೆ. ಆದರೆ ಭಾರದ ಲೆಕ್ಕ ಇದಕ್ಕೂ ಅಷ್ಟೇ. ಗಾಳಿಯದ್ದು ಅಂತ ನೀರು ಹಗುರ ಆಗುವುದಿಲ್ಲ.

ತಾರಸಿ_ಕನಸು

ನೀರು ಸಾಕುವುದು ಅಂದರೆ ಏನೇನು ಕೆಲಸ? ಕ್ಲೋರಿನ್ ಮಾತ್ರೆ ತೇಲಿಬಿಟ್ಟರೆ ಆಯಿತು ಅಂದರು.

ನೀರಿನ_ಲೆಕ್ಕ

ಅದೊಂದು ಮಾಡಬೇಡಿ. ಈಜುಕೊಳದ ದಪ್ಪ ಮಾತ್ರೆಗಳಲ್ಲಿ ಆಮ್ಲದ ಗುಣ ಜಾಸ್ತಿ. ಇಷ್ಟು ಕಡಿಮೆ ನೀರಿನಲ್ಲಿ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋ ಅಳತೆ) ಇಳಿಸಿ, ಹೀಟರ್, ಸೀಲ್, ಚಿಪ್ಪು ಎಲ್ಲವನ್ನೂ ತಿನ್ನುತ್ತವೆ. ಹಾಟ್ ಟಬ್‌ಗೆ ಅಂತಲೇ ಮಾಡಿದ ಕ್ಲೋರಿನ್ ಪುಡಿ ಅಥವಾ ಬ್ರೋಮಿನ್ ಬಳಸಿ. ಬೇರೆ ಬೇರೆ ಥರದ್ದನ್ನು ಒಂದೇ ಡಬ್ಬಿಗೆ ಸುರಿಯಲೇಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಯಾವಾಗಲೂ ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ.

ಕ್ಲೋರಿನ್ ಕನಿಷ್ಠ 3 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ 3 ಪಾಲು) ಇರಬೇಕು, ಬ್ರೋಮಿನ್ ಆದರೆ 4ರಿಂದ 8. ಪಿಎಚ್ 7.2ರಿಂದ 7.8ರೊಳಗೆ. ಪರೀಕ್ಷೆಯ ಪಟ್ಟಿ ಸಿಗುತ್ತದೆ, ಅದ್ದಿ ತೆಗೆದು ಡಬ್ಬಿಯ ಮೇಲಿನ ಬಣ್ಣದ ಜೊತೆ ಹೋಲಿಸಿದರೆ ಆಯಿತು. ಒಳಗೆ ಇಳಿಯುವ ಮುಂಚೆ ಪ್ರತಿ ಸಲ ಇದನ್ನು ನೋಡಿ. ಅರ್ಧ ನಿಮಿಷದ ಕೆಲಸ. ಬಿಸಿನೀರಲ್ಲಿ, ಅದರಲ್ಲೂ ಗುಳ್ಳೆ ಏಳುವಾಗ, ಕ್ಲೋರಿನ್ ಬೇಗ ಕಡಿಮೆಯಾಗುತ್ತದೆ. ನಿನ್ನೆ ಸರಿ ಇತ್ತು ಅನ್ನೋದು ಇವತ್ತಿನ ಲೆಕ್ಕಕ್ಕೆ ಬರುವುದಿಲ್ಲ.

ಫಿಲ್ಟರನ್ನು ವಾರಕ್ಕೊಮ್ಮೆ ಪೈಪಿನ ನೀರಲ್ಲಿ ತೊಳೆಯಬೇಕು. ಮಡಿಕೆಗಳನ್ನು ಬೆರಳಲ್ಲಿ ಬಿಡಿಸಿ ನೋಡಿ. ಒಳಗೆ ಬೂದು ಬಣ್ಣದ ಲೋಳೆ ಕೂತಿರುತ್ತದೆ. ಮೈಗೆ ಹಚ್ಚಿದ ಎಣ್ಣೆ, ಕ್ರೀಮು, ಬೆವರು ಎಲ್ಲಾ ಸೇರಿದ್ದು ಅದು. ತಿಂಗಳಿಗೊಮ್ಮೆ ಫಿಲ್ಟರ್ ಕ್ಲೀನರ್‌ನಲ್ಲಿ ನೆನೆಸಿಡಿ. ಎರಡು ಫಿಲ್ಟರ್ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ನಡೆಯುತ್ತದೆ.

ನೀರು ಯಾವಾಗ ಬದಲಿಸಬೇಕು ಅನ್ನೋದಕ್ಕೆ ಒಂದು ಸುಲಭ ಲೆಕ್ಕ ಇದೆ. ಲೀಟರನ್ನು 12ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಕೂರುವ ಜನರ ಸಂಖ್ಯೆಯಿಂದ ಭಾಗಿಸಿ. 1300 ಲೀಟರ್, ದಿನಾ ಇಬ್ಬರು ಅಂದರೆ 54 ದಿನ. ಬಳಕೆ ಕಡಿಮೆ ಇದ್ದರೂ ಮೂರ್ನಾಲ್ಕು ತಿಂಗಳಿಗಿಂತ ಮುಂದೆ ತಳ್ಳಬೇಡಿ. ಖಾಲಿ ಮಾಡುವ ಮುಂಚೆ ಪೈಪ್ ತೊಳೆಯುವ ದ್ರಾವಣ ಹಾಕಿ ಜೆಟ್ ಓಡಿಸಿ. ಹೊಸ ಟಬ್ಬಿಗೂ ಮೊದಲ ಸಲ ಹಾಗೇ ಮಾಡಿ. ಕಾರ್ಖಾನೆಯಲ್ಲಿ ನೀರು ತುಂಬಿಸಿ ಪರೀಕ್ಷೆ ಮಾಡಿರುತ್ತಾರೆ, ಪೈಪಿನಲ್ಲಿ ಸ್ವಲ್ಪ ಉಳಿದಿರುತ್ತದೆ. ಖಾಲಿ ಮಾಡಿದ ನೀರು ಗಿಡಕ್ಕೆ ಬಿಡುವುದಾದರೆ ಕೆಲವು ದಿನ ಮುಂಚೆಯೇ ಕ್ಲೋರಿನ್ ಹಾಕುವುದು ನಿಲ್ಲಿಸಿ, ಮುಚ್ಚಳ ತೆಗೆದಿಡಿ. ಪಟ್ಟಿಯಲ್ಲಿ ಸೊನ್ನೆ ಬಂದ ಮೇಲೆ ಬಿಡಿ. ಆ ದಿನಗಳಲ್ಲಿ ಯಾರೂ ಒಳಗೆ ಇಳಿಯಬಾರದು.

ನಿಮ್ಮದು ಬಾವಿ ಅಥವಾ ಬೋರ್‌ವೆಲ್ ನೀರಾ? ಕಬ್ಬಿಣದ ಅಂಶ ಇದ್ದರೆ ಕ್ಲೋರಿನ್ ಹಾಕಿದ ಕೂಡಲೇ ಚಹಾ ಬಣ್ಣಕ್ಕೆ ತಿರುಗುತ್ತದೆ. ಗಡಸು ನೀರಾದರೆ ಹೀಟರ್ ಮೇಲೆ ಬಿಳಿ ಗಟ್ಟಿ ಪದರ ಕಟ್ಟುತ್ತದೆ. ಟಬ್ ಕೊಳ್ಳುವ ಮುಂಚೆ ಒಂದು ಬಾಟಲ್ ನೀರು ಪರೀಕ್ಷೆ ಮಾಡಿಸಿ.

ಸಣ್ಣ_ಅಂಗಳ

ಇಷ್ಟೆಲ್ಲಾ ಬೇಕಾ? ನಾವು ವಾರಕ್ಕೊಮ್ಮೆ ಕಣ್ಣಳತೆಯಲ್ಲಿ ಒಂದು ಚಮಚ ಪುಡಿ ಹಾಕುತ್ತೇವೆ. ನೀರು ತಿಳಿಯಾಗೇ ಇದೆ.

ನರ್ಸಕ್ಕ

ತಿಳಿಯಾಗಿ ಕಂಡ ನೀರು ಚೊಕ್ಕ ಅಂತ ಅಲ್ಲ ತಮ್ಮಾ. ಇದನ್ನು ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಲೀಜನೆಲ್ಲ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಬೆಚ್ಚನೆ ನೀರೇ ಅದಕ್ಕೆ ತವರು. 1999ರಲ್ಲಿ ನೆದರ್ಲೆಂಡ್ಸ್‌ನ ಬೋವೆನ್‌ಕಾರ್ಸ್ಪೆಲ್ ಊರಿನ ಹೂವಿನ ಪ್ರದರ್ಶನದಲ್ಲಿ ನೀರು ತುಂಬಿಸಿ ಚಾಲೂ ಮಾಡಿದ ಟಬ್ ಒಂದನ್ನು ಇಟ್ಟಿದ್ದರು. ಬರೀ ತೋರಿಸಲು. ಜನ ಅದರಲ್ಲಿ ಇಳಿಯಲಿಲ್ಲ, ಪಕ್ಕದಲ್ಲಿ ಹಾದುಹೋದರು ಅಷ್ಟೇ. ಗುಳ್ಳೆ ಒಡೆದು ಎದ್ದ ಸಣ್ಣ ಹನಿಗಳು ಉಸಿರಿನ ಜೊತೆ ಒಳಗೆ ಹೋದವು. ನ್ಯುಮೋನಿಯಾ ಬಂದು ಕನಿಷ್ಠ 32 ಜನ ತೀರಿಕೊಂಡರು. ಹೆದರಿಸೋಕೆ ಹೇಳುತ್ತಿಲ್ಲ. ಕ್ಲೋರಿನ್ ಸರಿಯಾಗಿದ್ದರೆ, ಪೈಪು ಫಿಲ್ಟರು ಚೊಕ್ಕ ಇದ್ದರೆ ಈ ಭಯ ತುಂಬಾ ಕಡಿಮೆ. ಆದರೆ ಚಮಚದ ಅಂದಾಜು ಸಾಲದು.

ನಾವು ಜಾಸ್ತಿ ನೋಡುವುದು ಚರ್ಮದ ತೊಂದರೆ. ಟಬ್‌ನಲ್ಲಿ ಕೂತ ಒಂದೆರಡು ದಿನಕ್ಕೆ ಈಜುಡುಗೆ ಮುಚ್ಚಿದ್ದ ಕಡೆಯೇ ಕೆಂಪು ಗುಳ್ಳೆ, ತುರಿಕೆ. ಅದು ಸ್ಯೂಡೊಮೊನಾಸ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾದಿಂದ. ಕಾರಣ ಅದೇ, ಕ್ಲೋರಿನ್ ಇಳಿದಿರುವುದು.

ಇನ್ನು ಬಿಸಿ. 40 ಡಿಗ್ರಿ ಸೆಲ್ಸಿಯಸ್ ದಾಟಲೇಬಾರದು. ಟಬ್ಬಿನ ಡಿಸ್‌ಪ್ಲೇ ಒಂದನ್ನೇ ನಂಬದೆ ಬೇರೆ ಥರ್ಮಾಮೀಟರ್ ಹಾಕಿ ನೋಡಿ. 40ರಲ್ಲಿ 15 ನಿಮಿಷ ಸಾಕು. ಗರ್ಭಿಣಿಯರು, ಅದರಲ್ಲೂ ಮೊದಲ ಮೂರು ತಿಂಗಳು, ದೂರ ಇರುವುದೇ ಒಳ್ಳೆಯದು. ಮೈಬಿಸಿ ಏರಿದರೆ ಮಗುವಿನ ಮೆದುಳು, ಬೆನ್ನುಹುರಿ ಬೆಳೆಯುವ ಹೊತ್ತಿಗೆ ತೊಂದರೆ. ಐದು ವರ್ಷದೊಳಗಿನ ಮಕ್ಕಳಿಗೆ ಬೇಡ. ಹೃದಯದ ತೊಂದರೆ, ಬಿಪಿ ಮಾತ್ರೆ ಇರುವವರು ಡಾಕ್ಟರನ್ನು ಕೇಳಿಯೇ ಇಳಿಯಿರಿ. ಕುಡಿದು ಇಳಿಯಬೇಡಿ. ಏಳುವಾಗ ಅಂಚು ಹಿಡಿದು ನಿಧಾನಕ್ಕೆ ಏಳಿ, ತಲೆ ಸುತ್ತುತ್ತದೆ.

ನಿಮ್ಮ ಮನೆಯವರ ಸೊಂಟಕ್ಕೆ ಬಿಸಿ ಹಿತ ಕೊಡುವುದು ನಿಜ. ಬಿಗಿದ ಸ್ನಾಯು ಸಡಿಲ ಆಗುತ್ತದೆ. ನೋವಿನ ಮೂಲ ಅದರಿಂದ ಹೋಗುವುದಿಲ್ಲ. ಫಿಸಿಯೋ ಹೇಳಿದ ವ್ಯಾಯಾಮ ಬಿಡದಂತೆ ನೋಡಿಕೊಳ್ಳಿ. ಟಬ್ಬಿನ ಅಂಚು ಅವರ ಸೊಂಟದಷ್ಟು ಎತ್ತರ ಇರುತ್ತದೆ ಅನ್ನೋದೂ ನೆನಪಿರಲಿ. ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಬೇಕು.

ಸಣ್ಣ_ಅಂಗಳ

ಇಲ್ಲ ಅಕ್ಕ, ಬೇಜಾರಿಲ್ಲ. ಇವತ್ತೇ ಪಟ್ಟಿ ತರುತ್ತೇನೆ.

ಬೆಚ್ಚನೆ_ಸಂಜೆ

ಮಕ್ಕಳ ವಿಷಯ ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಮುಚ್ಚಳಕ್ಕೆ ಬೀಗ ಇರಬೇಕು, ಪ್ರತಿ ಸಲ ಹಾಕಬೇಕು. ಒಳಗೆ ನೀರು ಎಳೆಯುವ ತೂತಿನ ಜಾಲರಿ ಒಡೆದಿದ್ದರೆ ಟಬ್ ಬಂದ್ ಮಾಡಿ. 2002ರಲ್ಲಿ ಅಮೆರಿಕದಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಹಾಟ್ ಟಬ್ಬಿನ ಡ್ರೈನ್ ಎಳೆತಕ್ಕೆ ಸಿಕ್ಕಿ ತೀರಿಕೊಂಡಳು. ಅಲ್ಲಿ 2007ರಲ್ಲಿ ಡ್ರೈನ್ ಜಾಲರಿ ಬಗ್ಗೆ ಕಾನೂನೇ ಬಂತು. ಉದ್ದ ಕೂದಲು ಇರುವವರು ಎತ್ತಿ ಕಟ್ಟಿ. ಹಳೆಯ ಟಬ್ ಕೊಳ್ಳುವವರು ಇದನ್ನು ಮೊದಲು ನೋಡಿ. ಹಳೆಯದನ್ನು ತುಂಬಿಸಿ, ಬಿಸಿ ಮಾಡಿ, ಓಡುತ್ತಿರುವಾಗ ಮಾತ್ರ ನೋಡಿ. ಖಾಲಿ ಟಬ್ ಸೋರುವುದು ಗೊತ್ತಾಗುವುದಿಲ್ಲ.

ಜೆಟ್ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. ಒಂದೇ ಪಂಪಿನ ಒತ್ತಡ ಎಲ್ಲ ಜೆಟ್ಟಿಗೂ ಹಂಚಿಹೋಗುತ್ತದೆ. ಎಣಿಕೆ ಜಾಸ್ತಿ ಅಂದರೆ ಬಲ ಜಾಸ್ತಿ ಅಂತಲ್ಲ. ನಿಮ್ಮ ಹೆಂಡತಿಯನ್ನೇ ಕರೆದುಕೊಂಡು ಹೋಗಿ, ನೀರು ತುಂಬಿಸಿದ ಟಬ್‌ನಲ್ಲಿ ಹತ್ತು ನಿಮಿಷ ಕೂರಿಸಿ. ಖಾಲಿ ಟಬ್ಬಿನಲ್ಲಿ ಕೂತು ನೋಡಿದರೆ ಅರ್ಧ ಮಾತ್ರ ಗೊತ್ತಾಗುವುದು. ಮಲಗಿಕೊಳ್ಳುವಂಥ ಸೀಟು ನೋಡಲು ಆಸೆಯಾಗುತ್ತದೆ, ಆದರೆ ಗಿಡ್ಡ ಇರುವವರು ಅದರಲ್ಲಿ ತೇಲಿ ಮೇಲೆ ಬರುತ್ತಾರೆ. ನಮ್ಮ ಅತ್ತೆಗೆ ಹಾಗೇ ಆಯಿತು, ಆ ಸೀಟಲ್ಲಿ ಈಗ ಯಾರೂ ಕೂರುವುದಿಲ್ಲ. ಜೆಟ್ ಅವರಿಗೆ ನೋವಿರುವ ಜಾಗಕ್ಕೇ ಬೀಳುತ್ತದಾ ನೋಡಿ.

ತಾರಸಿ_ಕನಸು

ಹತ್ತು ದಿನ ಆದಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಎಂಜಿನಿಯರ್ ನಕ್ಷೆ ನೋಡಿ ತಾರಸಿ ಬೇಡವೇ ಬೇಡ ಅಂದರು. ಓಣಿ ಅಳೆದೆ. ಗೇಟ್ ಹತ್ತಿರ 1 ಮೀಟರ್ 10 ಇದೆ, ಆದರೆ ಮಧ್ಯದಲ್ಲಿ ಮಳೆನೀರಿನ ಪೈಪ್ ಬಂದು 96 ಸೆಂಟಿಮೀಟರ್‌ಗೆ ಇಳಿಯುತ್ತದೆ. ನಾನು ನೋಡಿದ್ದ ಟಬ್ಬಿನ ಎತ್ತರ 94. ಪೈಪ್ ಸರಿಸಬಹುದು ಅಂತ ಪ್ಲಂಬರ್ ಹೇಳಿದ್ದಾರೆ. ಹೆಂಡತಿಯನ್ನು ಕರೆದುಕೊಂಡು ಹೋಗಿ ಮೂರು ಟಬ್‌ನಲ್ಲಿ ಕೂರಿಸಿದೆ. ಐದು ಜನರದ್ದು ಅವಳಿಗೆ ಹಿಡಿಸಲೇ ಇಲ್ಲ. ಮೂರು ಜನರದ್ದರಲ್ಲಿ ಮೂಲೆ ಸೀಟಿನ ಜೆಟ್ ಸರಿಯಾಗಿ ಸೊಂಟಕ್ಕೆ ಬಿತ್ತು, "ಇದೇ" ಅಂದಳು. ಅದಕ್ಕೆ 800 ಲೀಟರ್ ಸಾಕು. ನೀರು ನೋಡಿಕೊಳ್ಳುವ ಕೆಲಸ ನನ್ನದು, ಫಿಲ್ಟರ್ ತೊಳೆಯುವುದು ಮಗನದು ಅಂತ ಮಾತಾಗಿದೆ.

ಇನ್ನೊಂದೇ ಪ್ರಶ್ನೆ. ಹಿಂದಿನ ಗೋಡೆಯ ಆಚೆ ಅಪ್ಪನ ಮಲಗುವ ಕೋಣೆ. ಪಂಪ್ ಸದ್ದು ಕೇಳುತ್ತದಾ?

ಕಟ್ಟಡ_ಕೆಲಸ

ಗೋಡೆಗೆ ಅಂಟಿಸಿ ಇಟ್ಟರೆ ಕೇಳುತ್ತದೆ. ಗಾಳಿಯಲ್ಲಿ ಬರುವ ಸದ್ದಿಗಿಂತ ಅದುರುವಿಕೆ ಜಾಸ್ತಿ ಕಾಟ ಕೊಡುತ್ತದೆ. ಕಾಂಕ್ರೀಟ್ ಹಾಸನ್ನು ಮನೆಯ ಗೋಡೆಗೆ ತಾಗಿಸದೆ, ನಡುವೆ ಸಂದು ಬಿಟ್ಟು ಹಾಕಿಸಿ. ಪಂಪ್ ಇರುವ ಮಗ್ಗುಲನ್ನು ಗೋಡೆಯ ಎದುರು ದಿಕ್ಕಿಗೆ ತಿರುಗಿಸಿ. ಫಿಲ್ಟರ್ ಓಡುವ ಹೊತ್ತನ್ನು ಟೈಮರ್‌ನಲ್ಲಿ ಹಗಲಿಗೆ ಇಡಿ. ಮೊದಲ ವಾರ ನೀವೇ ಒಂದು ರಾತ್ರಿ ಅಪ್ಪನ ಕೋಣೆಯಲ್ಲಿ ಮಲಗಿ ನೋಡಿ. ಹಾಸು ಹಾಕುವ ದಿನ ಮಟ್ಟದ ಫೋಟೋ ಇಲ್ಲಿ ಹಾಕಿ, ಎಲ್ಲರೂ ನೋಡೋಣ.